ಅತ್ತೆಯ ಕಣ್ಣಿಗೆ ಕಂಡ ಮೆಟ್ಟಿಲು

ಆಕೆಯನ್ನು ಓಣಿಯಲ್ಲೆಲ್ಲ ಪಾರ್ಲರ್ ಅಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಕೆಳಗಿನ ಮುಂದಿನ ಕೋಣೆಯೇ ಅವಳ ಅಂಗಡಿ. ನರೆಗೂದಲಿಗೆ ಬಣ್ಣ ಹಚ್ಚುವುದರಲ್ಲಿ ಅವಳದ್ದು ಎತ್ತಿದ ಕೈ. ಅಂಗಡಿಯ ಹಿಂದೆ ಮರದ ಮೆಟ್ಟಿಲು, ಮೇಲೆ ಮಲಗುವ ಕೋಣೆಗಳು. ಅತ್ತೆ ಒಮ್ಮೆ ಆ ಮೆಟ್ಟಿಲಿಂದ ಜಾರಿಬಿದ್ದ ಮೇಲೆ ಮೇಲಿನ ತಮ್ಮ ಕೋಣೆ ಬಿಟ್ಟು, ಕೆಳಗೆ ಶಾಂಪೂ ಡಬ್ಬಗಳ ಪಕ್ಕದಲ್ಲಿ ಮಂಚ ಹಾಕಿಸಿಕೊಂಡಿದ್ದರು. "ಮಂಡಿ ನೋವು" ಎನ್ನುತ್ತಿದ್ದರು. ಮಾತೂ ಕಡಿಮೆಯಾಗಿತ್ತು.

ಮೆಟ್ಟಿಲಿನ ಹಳೇ ಪೇಂಟು ಸಿಪ್ಪೆ ಏಳುತ್ತಿತ್ತು. ಬಸ್ ಓಡಿಸುವ ಗಂಡ ರಜೆ ಹಾಕಿ, ಉಪ್ಪುಕಾಗದ ಹಿಡಿದು ಅದನ್ನೆಲ್ಲ ಉಜ್ಜಿ ತೆಗೆದ. ಒಳಗಿನ ಪೈನ್ ಮರ ಬೆಳ್ಳಗೆ ಕಂಡಿತು. ಅವನು ಮರಕ್ಕೆ ಇಂಗುವ ಕಡುಗಂದು ಬಣ್ಣ, ಸ್ಟೇನ್ ತಂದು ಮೊದಲ ಮೆಟ್ಟಿಲಿಗೆ ಹಚ್ಚಿಯೂ ಬಿಟ್ಟ.

"ದೊಡ್ಡ ಹೋಟೆಲ್ ಇದ್ದಂಗಿಲ್ವಾ?" ಎಂದು ಬೀಗಿದ.

ಬಣ್ಣ ಒಣಗಿದ ಮೇಲೆ ಅತ್ತೆ ಕಂಬಿ ಹಿಡಿದು ಬಂದರು. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು.

"ಇಲ್ಲಿ ಹಲಗೆ ಕಿತ್ತಿದ್ದೀರೇನೋ? ಹಳ್ಳ ಇದ್ದಂಗಿದೆ."

ಗಂಡ ನಕ್ಕ. ಅವಳು ನಗಲಿಲ್ಲ. ತೊಂದರೆ ಇರುವುದು ಮಂಡಿಯಲ್ಲಲ್ಲ ಎಂದು ಅವಳಿಗೆ ಆಗಲೇ ಹೊಳೆಯಿತು. ಮೆಲ್ಲಗೆ ಅವರ ಕೈ ಹಿಡಿದಳು. "ಅತ್ತೆ, ನಿಜ ಹೇಳಿ. ಕಣ್ಣು ಎಷ್ಟು ಕಾಣತ್ತೆ?"

"ಎಲ್ಲಾ ಕಾಣತ್ತೆ" ಎಂದರು ಅತ್ತೆ. ಎತ್ತಿದ ಕಾಲನ್ನು ಕೆಳಗಿಟ್ಟು, "ಕಪ್ಪೆಲ್ಲ ಒಂದೇ ಥರ ಕಾಣತ್ತೆ ಕಣೇ. ಹೇಳಿದ್ರೆ ಅಡುಗೆಮನೆಗೂ ಬಿಡಲ್ಲ ನೀವು" ಎಂದರು.

ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದದ್ದಾಯಿತು. ಒಂದು ಕಣ್ಣಿಗೆ ಆಪರೇಷನ್ ಬೇಕು, ಅದಕ್ಕೆ ಕಾಯಬೇಕು ಎಂದರು. ಅಲ್ಲಿಯತನಕ ಮೆಟ್ಟಿಲಿನ ಕೆಲಸವೂ ನಿಂತು ಕಾಯಬೇಕಲ್ಲ ಎಂದು ಗಂಡ ಕೇಳಿದಾಗ ಅವಳು, "ಯಾಕೆ ಕಾಯ್ಬೇಕು? ಅವರಿಗೆ ಕಾಣೋ ಬಣ್ಣ ಹಚ್ಚೋಣ ರೀ" ಎಂದಳು.

ಬಣ್ಣದಂಗಡಿಯವನು ಡಬ್ಬದ ಮೇಲಿನ ಚಿತ್ರ ತೋರಿಸಿ, "ಹೀಗೇ ಬರತ್ತಕ್ಕ" ಎಂದ.

"ನನ್ನ ಡೈ ಡಬ್ಬದ ಮೇಲೂ ಒಬ್ಬಳು ಚೆಲುವೆ ಇದಾಳಪ್ಪ. ಹಚ್ಚಿಸ್ಕೊಂಡೋರು ಯಾರೂ ಹಂಗಾಗಿಲ್ಲ" ಎಂದಳು. ಅಂಗಡಿಯವನು ಹೊಟ್ಟೆ ಹಿಡಿದು ನಕ್ಕು, ನಾಲ್ಕು ಬಗೆಯ ಪುಟ್ಟ ಡಬ್ಬಗಳನ್ನು ಕೊಟ್ಟ.

ಮೆಟ್ಟಿಲುಗಳ ತಳಭಾಗದಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಒಂದೊಂದನ್ನೂ ಹಚ್ಚಿ ನೋಡಿದಳು. ಜೇನುಬಣ್ಣದ್ದು ಕಣ್ಣಿಗೆ ಹಿತವಾಗಿತ್ತು, ಆದರೆ ಚಿಬ್ಬು ಬಂದಂತೆ ಮಚ್ಚೆಮಚ್ಚೆಯಾಯಿತು. ಅಳುಮುಖ ಹೊತ್ತು ಮತ್ತೆ ಅಂಗಡಿಗೆ ಹೋದಳು. "ಪೈನ್ ಮರ ಎಲ್ಲ ಕಡೆ ಒಂದೇ ಸಮ ಹೀರಲ್ಲಕ್ಕ. ಮೊದಲು ಇದೊಂದು ಕೈ ಹಚ್ಚಿ" ಎಂದು ಅವನು ತೆಳುವಾದ ಒಂದು ದ್ರವ ಕೊಟ್ಟ. ಒಣಕಲು ಕೂದಲಿಗೂ ಡೈಗೆ ಮೊದಲು ಅವಳು ಹೀಗೇ ಒಂದು ಕೈ ಬೇರೇನಾದರೂ ಹಚ್ಚುತ್ತಿದ್ದಳು. ಮುಂದಿನ ಸಲ ಬಣ್ಣ ಸಮನಾಗಿ ಕೂತಿತು.

ಅದೇ ಬಣ್ಣಗಳನ್ನು ಒಂದಷ್ಟು ತುಂಡು ಹಲಗೆಗಳಿಗೂ ಹಚ್ಚಿ, ಅವನ್ನು ಮೆಟ್ಟಿಲ ಮೇಲೆ ಜೋಡಿಸಿ, ಬೆಳಗಿನ ಬೆಳಕಿನಲ್ಲೊಮ್ಮೆ, ಸಂಜೆ ದೀಪ ಹಾಕಿ ಒಮ್ಮೆ ಅತ್ತೆಗೆ ತೋರಿಸಿದಳು. ಹಲಗೆಗೆ ಜೇನುಬಣ್ಣ, ಅಂಚಿಗೆ ಮಾತ್ರ ಕಡುಗಂದಿನ ಪಟ್ಟಿ ಇಟ್ಟಾಗ ಅತ್ತೆ ಬೆರಳು ಚಾಚಿದರು. "ಇದು! ಎಲ್ಲಿ ಮುಗಿಯತ್ತೆ ಅಂತ ಗೊತ್ತಾಗತ್ತೆ."

ಗಂಡ ಮೊದಲ ಮೆಟ್ಟಿಲನ್ನು ಅಂಚು ಬಿಟ್ಟು ಮತ್ತೆ ಉಜ್ಜಿದ. ಅವಳು ಟೇಪು ಅಂಟಿಸಿ, ಪಾರ್ಲರಿನ ಬ್ರಷ್ಷಿನಲ್ಲೇ ಪಟ್ಟಿಗಳನ್ನು ಎಳೆದಳು. ಮೇಲೆ ಹೊಳಪಿಲ್ಲದ, ಜಾರದ ವಾರ್ನಿಷ್.

"ಮೆಟ್ಟಿಲಿಗೆಲ್ಲ ಮೀಸೆ ಬರೆದಂಗಿದೆ" ಎಂದು ಗಂಡ ಗೊಣಗಿದ.

"ಇರ್ಲಿ ಬಿಡೋ, ನಿನ್ನ ಮೀಸೆಗಿಂತ ನೆಟ್ಟಗಿದೆ" ಎಂದರು ಅತ್ತೆ.

ಎಷ್ಟೋ ದಿನದ ಮೇಲೆ ಅವರ ಬಾಯಿಂದ ಬಂದ ಕುಚೋದ್ಯ ಅದು. ಸೊಸೆ ಬಾಯ್ತುಂಬ ನಕ್ಕಳು.

ವಾರ್ನಿಷ್ ಪೂರ್ತಿ ಗಟ್ಟಿಯಾದ ಮೇಲೆ ಅತ್ತೆ ಕಂಬಿ ಹಿಡಿದು ಹೊರಟರು. ಮಗ ಹಿಂದೆಯೇ ಕೈ ಚಾಚಿಕೊಂಡು ಬಂದ. "ದೂರ ನಿಲ್ಲೋ, ಉಸಿರು ತಾಗ್ತಿದೆ" ಎಂದು ಗದರಿದರು. ಒಂದೊಂದು ಪಟ್ಟಿಯನ್ನೂ ನೋಡಿಕೊಂಡು, ತಡವರಿಸದೆ ಹತ್ತಿ, ತಮ್ಮ ಕೋಣೆಗೆ ಹೋಗಿ ಕಿಟಕಿ ತೆರೆದರು. ಮೇಜಿನ ಮೇಲೆ ಬೆರಳಾಡಿಸಿ ಧೂಳು ನೋಡಿದರು.

"ಸೊಸೆಮುದ್ದು, ಒಂದು ಬಟ್ಟೆ ಕೊಡು. ನಿನ್ನ ಗಂಡನಿಗೆ ಹೇಳು, ನನ್ನ ಹಾಸಿಗೆ ಮೇಲಕ್ಕೆ ತರ್ಲಿ."