ಗಂಗಕ್ಕನ ಸರದಿ ಟವೆಲು

ನೀಲಿ ಅಂಚಿನ ಒಂದು ಕೈ ಟವೆಲು. ಒಂದು ಮೂಲೆಯಲ್ಲಿ ಇಸ್ತ್ರಿ ಸುಟ್ಟ ಕಂದು ಕಲೆ. ನೋಂದಣಿ ಕಿಟಕಿಯ ಪಕ್ಕದ ಮೊಳೆಯಲ್ಲಿ ಅದು ತೂಗುತ್ತಿದ್ದರೆ ಕಂಪ್ಯೂಟರಿನ ಫೈಲನ್ನು ಯಾರೂ ತೆರೆದಿಲ್ಲ ಎಂದರ್ಥ. ಮೊಳೆ ಬರಿದಾಗಿದ್ದರೆ ಒಳಗೆ ಯಾರೋ ಇದ್ದಾರೆ.

ಬೈಲಹೊಂಗಲದ ಒಂದು ಚಿಕ್ಕ ಕಣ್ಣಿನ ಆಸ್ಪತ್ರೆಗೆ ಈ ಪದ್ಧತಿ ತಂದವರು ಗಂಗಕ್ಕ. ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದ್ದ ನಾನು ಮೂರು ತಿಂಗಳ ಮಟ್ಟಿಗೆ ಅಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ್ದೆ. ರೋಗಿಗಳ ವಿವರವೆಲ್ಲ ಗಂಗಕ್ಕನ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿತ್ತು. ಡಾಕ್ಟರ ಕೋಣೆಯ ಮತ್ತು ವಾರ್ಡಿನ ಕಂಪ್ಯೂಟರುಗಳು ತಂತಿಯ ಮೂಲಕ ಅಲ್ಲಿಗೇ ಬಂದು ಅದೇ ಫೈಲನ್ನು ತೆರೆಯಬೇಕು. ಆದರೆ ಒಬ್ಬರು ತೆರೆದಿದ್ದರೆ ಉಳಿದವರಿಗೆ 'ಫೈಲು ಬಳಕೆಯಲ್ಲಿದೆ' ಎಂಬ ಉತ್ತರ. ಹದಿನೈದು ವರ್ಷ ವಾರ್ಡಿನಲ್ಲಿ ಆಯಾ ಆಗಿದ್ದು, ನಡುಬೆರಳೊಂದರಿಂದಲೇ ಟೈಪು ಕಲಿತು ಕಿಟಕಿಗೆ ಬಂದಿದ್ದ ಗಂಗಕ್ಕನಿಗೆ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ.

"ಬಚ್ಚಲದಾಗ ಒಬ್ಬರು ಇದ್ದಾಗ ಇನ್ನೊಬ್ಬರು ನುಗ್ಗತಾರೇನ್ರಿ ಡಾಕ್ಟರ? ಟಾವೆಲ್ ತಗೊಂಡು ಹೋಗ್ರಿ, ಆದಮ್ಯಾಲ ತಂದು ಹಾಕ್ರಿ."

ಡಾಕ್ಟರು ಆಪರೇಶನ್ ಟೊಪ್ಪಿಗೆಯಲ್ಲೇ ಬಂದು ಟವೆಲಿಗಾಗಿ ನಿಲ್ಲುತ್ತಿದ್ದರು. ಒಮ್ಮೆ ಅದನ್ನು ಹೆಗಲ ಮೇಲೆ ಹಾಕಿಕೊಂಡೇ ಕಿತ್ತೂರಿನ ಶಿಬಿರಕ್ಕೆ ಹೋಗಿಬಿಟ್ಟರು. ಫೈಲು ಮುಚ್ಚಿತ್ತು, ಯಾರು ಬೇಕಾದರೂ ತೆರೆಯಬಹುದಿತ್ತು. ಹಾಗೆಂದು ಗಂಗಕ್ಕನಿಗೆ ಮೆಲ್ಲಗೆ ಹೇಳಿದೆ.

"ನಿನಗ ಗೊತ್ತೈತಿ, ನನಗ ಗೊತ್ತೈತಿ ತಂಗಿ. ವಾರ್ಡಿನ ನರ್ಸ್ ಶಾಂತಾಗ ಗೊತ್ತೈತೇನು? ಒಂದ ಸಲ ರೀತಿ ಮುರದ್ರ ಮುಗೀತು."

ಕಿತ್ತೂರಿಗೆ ಫೋನು ಹೋಯಿತು. ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಟವೆಲು ಹಿಡಿದುಕೊಂಡು ಬಂದ. "ಆಸ್ಪತ್ರಿ ಕೀಲಿ ಅಂದ್ರು, ಇದೇನ್ರಿ ಅಕ್ಕಾರ?"

"ಕೀಲೀನ ಅದು, ಕೊಡೋ ಯಪ್ಪಾ."

ಆಪರೇಶನ್ ಆದವರ ತಪಾಸಣೆಯ ದಿನ ದೊಡವಾಡದಿಂದ, ದೂರದ ಸಾಲಹಳ್ಳಿಯಿಂದ ಬಂದವರು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಬೆಂಚಿನ ಮೇಲೆ ಸಂಜೆಯವರೆಗೂ ಕಾಯುತ್ತಿದ್ದರು. ಕೊನೆಗೆ ಆಸ್ಪತ್ರೆ ನಡೆಸುವ ಸಂಸ್ಥೆಯ ಕಾರ್ಯದರ್ಶಿಗಳು ನನ್ನನ್ನು ಕರೆದರು. "ಮಂದಿ ಭಾಳ ಕಾಯಾಕ ಹತ್ಯಾರ. ಗಂಗವ್ವನ್ನ ಹೊಳ್ಳಿ ವಾರ್ಡಿಗೆ ಕಳಿಸಿ ಆ ಕುರ್ಚಿ ನಿಮಗ ಕೊಡೂದು ಚಲೋ ಅನಸ್ತೈತಿ."

ಅಂದೇ ನಾನು ಸೆಟ್ಟಿಂಗುಗಳನ್ನು ತೆರೆದು ನೋಡಿದೆ. ಕಂಪ್ಯೂಟರ್ ಕೂಡಿಸಿಹೋದವರು ಮೂರರಲ್ಲೂ 'ಒಬ್ಬರಿಗೆ ಮಾತ್ರ' ಎಂಬುದಕ್ಕೆ ಗುರುತು ಹಾಕಿದ್ದರು. 'ಎಲ್ಲರಿಗೂ' ಎಂದು ಬದಲಿಸಿದರೆ ಸಾಕಿತ್ತು. ಊಟದ ಬಿಡುವಿನಲ್ಲಿ, ಬೇರೆ ಯಾರೂ ಇಲ್ಲದಾಗ, ಗಂಗಕ್ಕನಿಗೆ ತೋರಿಸಿದೆ. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಯವ್ವಾ, ಅಷ್ಟು ಕಲತ ಡಾಕ್ಟರ ಕೈಯಾಗ ವರ್ಷಾನಗಟ್ಲೆ ಟಾವೆಲ್ ಹಿಡಿಸೀನಲ್ಲ!"

ನಗು ನಿಂತ ಮೇಲೆ ಕೇಳಿದರು: "ಎಲ್ಲಾರೂ ಒಳಗ ಬಂದ್ರು ಅನ್ನು. ಒಬ್ಬಾಕಿ ಹೆಸರಿನ್ಯಾಗ ಇಬ್ಬರು ಕೈ ಹಾಕಿದ್ರ? ನಾ ಎಡಗಣ್ಣು ಅಂತ ಬರೀತೇನಿ, ಅತ್ತಾಗ ಶಾಂತಾ ಬಲಗಣ್ಣು ಅಂತಾಳ. ಯಾರದು ನಿಂದರತೈತಿ?"

ನಾನು ಅದನ್ನು ಯೋಚಿಸಿರಲಿಲ್ಲ.

ಗಂಗಕ್ಕ ತಮ್ಮ ಹೆಸರನ್ನೇ ರೋಗಿಯೆಂದು ಸೇರಿಸಿ ನನ್ನನ್ನು ಡಾಕ್ಟರ ಕೋಣೆಗೆ ಓಡಿಸಿದರು. ಅವರು ಎಡಗಣ್ಣು ಬರೆದರು, ನಾನು ಬಲಗಣ್ಣು. ಇನ್ನೊಬ್ಬರು ಇದನ್ನು ಬದಲಿಸಿದ್ದಾರೆ, ನಿಮ್ಮದನ್ನೇ ಇಡಲೇ ಎಂದು ನನ್ನ ಪರದೆ ಕೇಳಿತು. ಹಾಗೆಂದು ಕೂಗಿ ಹೇಳಿದೆ.

"ಕೇಳತೈತಿ ಖರೆ. ಗದ್ದಲದಾಗ ಯಾರು ಓದತಾರ? ಹೂಂ ಅಂತ ಒತ್ತತಾರ, ಕಣ್ಣ ಅದಲಿ ಬದಲಿ ಆಗತಾವ. ಬಚ್ಚಲ ಎಲ್ಲಾರಿಗೂ ತಗಿ. ನೀರಿನ ಚರಿಗಿ ಮಾತ್ರ ಹಿಡದಾಕಿ ಕೈಯಾಗ ಇರಲಿ."

ಒಬ್ಬರು ತಿದ್ದುತ್ತಿರುವ ಹೆಸರಿಗಷ್ಟೇ ಬೀಗ ಬೀಳುವಂತೆ ಇನ್ನೊಂದು ಗುರುತು ಹಾಕಿದೆ. ಮೂರು ಸಲ ಪರೀಕ್ಷೆ ಮಾಡಿಸಿದ ಮೇಲೆಯೇ ಅವರು ರೊಟ್ಟಿಗೆ ಮರಳಿದ್ದು.

ಮುಂದಿನ ತಪಾಸಣೆಗೆ ಬಂದವರು ಮಧ್ಯಾಹ್ನದೊಳಗೇ ಊರಿಗೆ ಮರಳಲು ಬಸ್‌ಸ್ಟ್ಯಾಂಡಿನಲ್ಲಿದ್ದರು. ನನ್ನ ಮೂರು ತಿಂಗಳು ಮುಗಿಯುವ ದಿನವೂ ಅದೇ. ಇದು ಹೇಗಾಯಿತೆಂದು ಕಾರ್ಯದರ್ಶಿಗಳು ಕೇಳಿದಾಗ ಗಂಗಕ್ಕ ಎಲ್ಲರೆದುರು, "ಈ ಹುಡುಗಿ ಮಾಡಿದ್ಲರಿ. ಇಷ್ಟ ದಿನ ನಾನ ತಪ್ಪ ತಿಳಕೊಂಡಿದ್ದೆ," ಎಂದರು. ತಾವು ಕೇಳಿದ ಪ್ರಶ್ನೆಯ ಸುದ್ದಿಯನ್ನೇ ಎತ್ತಲಿಲ್ಲ. ನಾನು ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಕಾರ್ಯದರ್ಶಿಗಳು, ನಾಳೆಯಿಂದ ಕಿಟಕಿಯ ಕುರ್ಚಿ ನನ್ನದು, ಕೆಲಸ ಕಾಯಂ ಎಂದು ಹೇಳಿ ಹೊರಟುಹೋಗಿದ್ದರು.

ಸಂಜೆ ಗಂಗಕ್ಕ ಕುರ್ಚಿ ಒರೆಸಿದರು. "ಇಲ್ಲೇ ಕುಂದ್ರು ತಂಗಿ. ಬೆನ್ನ ನೊಂದ್ರ ದಿಂಬ ಕಪಾಟಿನ್ಯಾಗ ಐತಿ. ನನಗೇನ, ವಾರ್ಡಿನ ಮಂದಿ ಹೊಸಬರಲ್ಲ." ನಗುತ್ತಲೇ ಹೇಳಿದರು, ದಿಂಬಿನ ಹೊದಿಕೆಯ ಗುಂಡಿಯನ್ನು ಮಾತ್ರ ಎರಡು ಸಲ ತಪ್ಪು ಕಾಜಾಕ್ಕೆ ಹಾಕಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ನೋಂದಣಿ ಕಿಟಕಿಯ ಕೆಲಸದಿಂದಲೇ ಅವರು ನಿವೃತ್ತರಾದರೆಂದು ಎಷ್ಟೋ ವರ್ಷಗಳ ನಂತರ ಶಾಂತಾಳ ಕಾಗದದಿಂದ ತಿಳಿಯಿತು.

ಆ ಸಂಜೆಯ ಮರುದಿನ ಬೆಳಿಗ್ಗೆ ಕಾರ್ಯದರ್ಶಿಗಳ ಮನೆಗೆ ಹೋದೆ. ಎಡಗಣ್ಣು ಬಲಗಣ್ಣಿನ ಪ್ರಶ್ನೆಯನ್ನು ಗಂಗಕ್ಕ ಕೇಳಿದ ಮಾತಿನಲ್ಲೇ ಒಂದು ಹಾಳೆಯ ಮೇಲೆ ಬರೆದಿದ್ದೆ. ಕೆಳಗೆ, 'ಇದು ನನಗೆ ಹೊಳೆದಿರಲಿಲ್ಲ. ಹೊಳೆದವರೇ ಕಿಟಕಿಯಲ್ಲಿರಲಿ' ಎಂದು ಸೇರಿಸಿ ಸಹಿ ಮಾಡಿದ್ದೆ. ಅವರು ಓದಿ ಮುಗಿಸುವವರೆಗೆ ಎದುರಿಗೇ ನಿಂತಿದ್ದು, ಆಮೇಲೆ ಹೋಗಿ ಧಾರವಾಡದ ಬಸ್ಸು ಹತ್ತಿದೆ.