ಚಿಕ್ಕಪ್ಪನ ಕಾರಿನ ಕೆಮ್ಮು

ಸೀಮೆಎಣ್ಣೆಯ ವಾಸನೆ ಈಗ ಎಲ್ಲಿ ಸಿಗುತ್ತದೆ, ಹೇಳಿ. ಸ್ಟೌವ್ ಹೋಯಿತು, ಬುಡ್ಡಿದೀಪ ಹೋಯಿತು, ಡಬ್ಬ ಹಿಡಿದು ನಿಲ್ಲುವ ಸಾಲೂ ಹೋಯಿತು. ಮೊನ್ನೆ ಒಂದು ಸೈಕಲ್ ಅಂಗಡಿಯ ಮುಂದೆ ಹಾದು ಹೋಗುತ್ತಿದ್ದೆ. ಒಳಗೆ ಯಾರೋ ಹಳೆ ಬಾಣಲೆಯಲ್ಲಿ ಚೈನು ಅದ್ದಿ ತೊಳೆಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕ್ಯಾತನಹಳ್ಳಿಯ ನಮ್ಮ ಮನೆಯ ಅಂಗಳದಲ್ಲಿದ್ದೆ. ಹೊಂಗೆ ಮರದ ಕೆಳಗೆ ಬಾನೆಟ್ ಬಿಚ್ಚಿದ ಬಿಳಿ ಕಾರು, ಗೋಣಿತಾಟಿನ ಮೇಲೆ ಹರಡಿದ ಕಬ್ಬಿಣದ ಸಾಮಾನು, ಜಗಲಿಯ ಕಂಬಕ್ಕೆ ಒರಗಿ, ಕಾಣದ ಕಣ್ಣನ್ನು ಅತ್ತಲೇ ನೆಟ್ಟು ಕೂತ ಅಜ್ಜಿ. ಆ ಮನೆ ಈಗಿಲ್ಲ. ಅಲ್ಲಿದ್ದವರಲ್ಲಿ ನನ್ನನ್ನು ಬಿಟ್ಟರೆ ಯಾರೂ ಉಳಿದಿಲ್ಲ. ಆದರೂ ಆ ಸಂಜೆಗಳು ನನ್ನನ್ನು ಬಿಟ್ಟು ಹೋಗಿಲ್ಲ.

ಕಾರು ನನ್ನ ಚಿಕ್ಕಪ್ಪ ನಂಜಣ್ಣನದು. ತೊಂಬತ್ತರ ದಶಕದ ಆ ದಿನಗಳಲ್ಲಿ ನಮ್ಮ ಸುತ್ತಮುತ್ತ ಮದುವೆ ಎಂದರೆ ಚಿಕ್ಕಪ್ಪನ ಕಾರೇ ಆಗಬೇಕಿತ್ತು. ಬಾಡಿಗೆಗಿಂತ ಹೆಚ್ಚಾಗಿ ಮರ್ಯಾದೆಗೆ ಓಡಿಸುತ್ತಿದ್ದ ಮಹಾನುಭಾವ. ಒಮ್ಮೆ ದೇವಲಾಪುರಕ್ಕೆ ಹೆಣ್ಣನ್ನು ಕರೆದೊಯ್ಯುವಾಗ ನಾಗಮಂಗಲದ ಕಡೆಯ ದಿಬ್ಬ ಹತ್ತುತ್ತಾ ಎಂಜಿನ್ನು ಕುದಿಯತೊಡಗಿತು. ನಿಲ್ಲಿಸೋಣವೆಂದರೆ ಹಿಂದೆ ಕೂತ ಹೆಂಗಸರು ಬಿಡಲಿಲ್ಲ. ಧಾರೆಗೆ ಹೊರಟ ಹೆಣ್ಣನ್ನು ಹೊತ್ತ ಗಾಡಿ ನಡುದಾರಿಯಲ್ಲಿ ನಿಲ್ಲಬಾರದು, ಅಪಶಕುನ. ಚಿಕ್ಕಪ್ಪನೂ ಅದನ್ನು ನಂಬುವವನೇ. ಹಬೆಯಾಡುವ ಕಾರನ್ನು ಹಾಗೇ ಚಪ್ಪರದ ತನಕ ಓಡಿಸಿಬಿಟ್ಟ. ಹೆಣ್ಣೇನೋ ಸುಖವಾಗಿ ಇಳಿದಳು, ಆದರೆ ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಸಿಲಿಂಡರ್ ಹೆಡ್ಡು ಸೀಳುಬಿಟ್ಟಿತ್ತು. ಅವತ್ತಿನಿಂದ ಕಾರು ನೀರು ಕುಡಿಯುವುದಕ್ಕೂ ಕೆಮ್ಮುವುದಕ್ಕೂ ಶುರುಮಾಡಿತು. ಹೆಡ್ಡು ಬದಲಾಯಿಸೋ ಎಂದು ಅಪ್ಪ ಬೈದರೆ, "ಓಡೋಗಂಟ ಓಡ್ಲಿ ಬುಡಣ್ಣ" ಎಂದು ನಕ್ಕು, ಸೀಟಿನ ಪಕ್ಕ ನೀರಿನ ಕ್ಯಾನು ಇಟ್ಟುಕೊಂಡು ಹೊರಟುಬಿಡುತ್ತಿದ್ದ. ಎರಡೂ ಕಣ್ಣಿಗೆ ಪೊರೆ ಬಂದಿದ್ದ ಅಜ್ಜಿಗೆ ಆ ಕೆಮ್ಮೇ ಮಗನ ಗುರುತು. ಕಾರು ನಾಲೆಯ ತಿರುವಿಗೆ ಬರುವಷ್ಟರಲ್ಲಿ "ಬಂದ ನಂಜ, ಎಸರಿಡಮ್ಮಿ" ಎಂದು ಅಮ್ಮನನ್ನು ಕೂಗುತ್ತಿದ್ದಳು.

ಚಿಕ್ಕಪ್ಪ ಕಾಮಾಲೆ ಹತ್ತಿ ತೀರಿಕೊಂಡ. ಮದುವೆಯಾಗಿರಲಿಲ್ಲ. ಊರವರ ಹೆಣ್ಣುಗಳನ್ನೆಲ್ಲ ಗಂಡನ ಮನೆ ಮುಟ್ಟಿಸಿದವನಿಗೆ ತನಗೊಂದು ಹೆಣ್ಣು ನೋಡಲು ಪುರುಸೊತ್ತಾಗಲಿಲ್ಲ. ಕಾರು ಹೊಂಗೆ ಮರದ ಕೆಳಗೆ ಎಲೆ ಹೊದ್ದು ನಿಂತಿತು. ಆದರೆ ಸಂಜೆಯಾದರೆ ಸಾಕು, ಅಜ್ಜಿ ಕಿವಿ ನಿಮಿರಿಸಿ "ಬಂದ ಕಣಮ್ಮಿ" ಅನ್ನುತ್ತಿದ್ದಳು. ಕಾರು ಕಣ್ಣೆದುರೇ ನಿಂತಿದೆ, ಬರುವುದೆಲ್ಲಿಂದ? ಕ್ರಮೇಣ ನನಗೂ ಕೇಳಿಸತೊಡಗಿತು. ಕಬ್ಬಿನ ಗದ್ದೆಯ ಆಚೆ, ನಾಲೆಯ ಮೇಲೆ, ತಡೆದು ತಡೆದು ಬರುವ ಅದೇ ಕೆಮ್ಮು. ನಾನು ಓಡಿಹೋಗಿ ಮರದ ಕೆಳಗಿನ ಕಾರಿನ ಬಾನೆಟ್ ಮುಟ್ಟಿ ನೋಡುತ್ತಿದ್ದೆ. ಬಿಸಿಯಿದ್ದರೆ ಏನು ಗತಿ ಎಂಬ ಹೆದರಿಕೆ. ತಣ್ಣಗಿದ್ದರೆ ಅಳು ಬರುತ್ತಿತ್ತು.

ಒಂದು ದಿನ ಅಜ್ಜಿ ಅಪ್ಪನನ್ನು ಕರೆದು ಕೂರಿಸಿಕೊಂಡಳು. "ಅವ್ನ್ ಕಾರು ಬರೋದ್ನ ಒಂದ್ಸಲ ಕೇಳುಸ್ಬುಡ್ಲಾ. ಇನ್ನೇನೂ ಕೇಳಾಕಿಲ್ಲ ನಿನ್ನ" ಅಂದಳು. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರು. ಅಷ್ಟು ದಿನ ನಿಂತ ಕಾರು ಸೀಳಿದ ಹೆಡ್ಡಿನಲ್ಲಿ ಓಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಮೈಸೂರಿನಿಂದ ಒಂದು ಒಳ್ಳೆಯ ಹೆಡ್ಡು ತಂದು ಭಾನುವಾರ ಅಂಗಳದಲ್ಲೇ ಕೆಲಸ ಹಿಡಿದ. ನೀರು ಬಸಿದು, ಮೇಲಿನದೆಲ್ಲ ಬಿಚ್ಚಿ, ವಾಲ್ವ್ ಎತ್ತುವ ಉದ್ದನೆಯ ಕಡ್ಡಿಗಳನ್ನು ಒಂದೊಂದಾಗಿ ಹೊರಗೆಳೆದ. ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದಂತೆ. ಅಮ್ಮ ಹಿತ್ತಲಿಂದ ಬಾಳೆದಿಂಡು ಕಡಿದು ತಂದು, ಕಡ್ಡಿಗಳನ್ನು ಬಂದ ಸಾಲಿನಲ್ಲೇ ಅದಕ್ಕೆ ಚುಚ್ಚಿ ನಿಲ್ಲಿಸಿದಳು. ಹೆಡ್ಡು ಮಾತ್ರ ಕಚ್ಚಿಕೊಂಡು ಕೂತಿತ್ತು. ಮರದ ಕೊಡತಿಯಿಂದ ಸುತ್ತಲೂ ತಟ್ಟಿ ತಟ್ಟಿ, ಕೊನೆಗೆ ಅಪ್ಪ ಅಮ್ಮ ಇಬ್ಬರೂ ಸೇರಿ ಮೇಲೆತ್ತಿದರು. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಅಪ್ಪ ಸೀಮೆಸುಣ್ಣದ ಪುಡಿ ಸವರಿದ. ಸ್ವಲ್ಪ ಹೊತ್ತಿಗೆ ಬಿಳಿ ಪುಡಿಯ ಮೇಲೆ ಒಂದು ಒದ್ದೆ ಗೆರೆ ತಾನಾಗಿ ಮೂಡಿತು. ಒಳಗೆ ಇಳಿದಿದ್ದ ಎಣ್ಣೆ ಸೀಳಿನಿಂದ ಜಿನುಗಿ ಬಂದಿತ್ತು.

ಸೀಳು ಸಿಕ್ಕಿತು ಎಂಬ ಮಾತು ಕೇಳಿ ಅಜ್ಜಿ ಗೋಡೆ ಹಿಡಿದುಕೊಂಡು ಇಳಿದು ಬಂದಳು. ಅಪ್ಪ ಅವಳ ಬೆರಳು ಹಿಡಿದು ಆ ಗೆರೆಯ ಮೇಲಿಟ್ಟ. ಬಹಳ ಹೊತ್ತು ಸವರಿದಳು.

"ಇಲ್ಲೇ ಏನ್ಲಾ ಅದು ಕೆಮ್ತಿದ್ದುದ್ದು?"

"ಊಂ ಕಣವ್ವ."

"ಇದ್ನ ತಗುದ್ಬುಡ್ತೀಯಾ?"

ಅಪ್ಪ ಮುಖ ತಿರುಗಿಸಿದ. ಅಲ್ಲಿಯವರೆಗೆ ಆ ಯೋಚನೆ ಅವನಿಗೂ ಬಂದಿರಲಿಲ್ಲ ಎಂದು ಈಗ ಅನ್ನಿಸುತ್ತದೆ. "ಇದ್ನೇ ಹಾಕುದ್ರೆ ಓಡಾಕಿಲ್ಲ ಕಣವ್ವ" ಅಂದ. ಸೀಳಿನ ಜೊತೆ ಆ ಕೆಮ್ಮೂ ಹೋಗುತ್ತದೆ ಎಂದು ಬಾಯಿಬಿಟ್ಟು ಹೇಳಲಿಲ್ಲ.

"ಅಂಗಾರೆ ಓಡೋದ್ನೇ ಹಾಕು ಬುಡು. ಅವ್ನ್ ಕಾರು ಬಂದ್ರೆ ಸಾಕು" ಎಂದು ಅಜ್ಜಿ ಸೀಮೆಎಣ್ಣೆಯ ಬೆರಳನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು.

ಮಾರನೆಯ ಭಾನುವಾರ ಅಪ್ಪ ನೀರು ಸೋರದಂತೆ ಹೊಸ ಗ್ಯಾಸ್ಕೆಟ್ ಹಾಸಿ, ತಂದ ಹೆಡ್ಡನ್ನು ಕೂರಿಸಿ, ನಡುವಿನಿಂದ ಅಂಚಿನ ಕಡೆಗೆ ಒಂದೊಂದೇ ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿದ. ಒಂದೇ ಕಡೆ ಬಿಗಿದರೆ ಹೆಡ್ಡು ಬಾಗುತ್ತದಂತೆ. ಬಾಳೆದಿಂಡಿನ ಕಡ್ಡಿಗಳು ಸಾಲಾಗಿ ತಮ್ಮ ಜಾಗ ಸೇರಿದವು. ಎಲ್ಲ ಮುಗಿದರೂ ಅಪ್ಪ ಚಾವಿ ತಿರುಗಿಸಲಿಲ್ಲ. ಅಂಗಳದಲ್ಲೇ ಶುರುಮಾಡಿದರೆ ಕಾರು ಬರುವುದನ್ನು ಕೇಳಿಸಿದಂತಾಗುವುದು ಹೇಗೆ? ಬೀದಿಯವರನ್ನು ಸೇರಿಸಿ ಕಾರನ್ನು ನಾಲೆಯ ತಿರುವಿನ ಆಚೆಯವರೆಗೂ ತಳ್ಳಿಸಿಕೊಂಡು ಹೋದ. ಅಜ್ಜಿ ಒಗೆದ ಸೀರೆ ಉಟ್ಟು ಜಗಲಿಯಲ್ಲಿ ಕೂತಳು. ನನ್ನ ಕೈ ಅವಳ ಕೈಯಲ್ಲಿತ್ತು. ಹೊತ್ತು ಇಳಿಯುತ್ತಿತ್ತು, ಬೀದಿಯಲ್ಲಿ ದನಗಳು ಮನೆಗೆ ತಿರುಗುತ್ತಿದ್ದವು.

ಕಾರು ಬಂತು. ಹೊಲಿಗೆ ಮೆಷಿನ್ನಿನ ಹಾಗೆ ಒಂದೇ ಸಮನೆ, ಎಲ್ಲೂ ತಡೆಯದೆ, ಉಸಿರು ಕಟ್ಟದೆ ಬಂದು ನಮ್ಮ ಜಗಲಿಯ ಮುಂದೆ ನಿಂತಿತು. ಅಪ್ಪ ಒಳಗಿನಿಂದ ಅಜ್ಜಿಯ ಮುಖವನ್ನೇ ನೋಡುತ್ತಿದ್ದ. ಆ ಮುಖ ಮಾತ್ರ ಇನ್ನೂ ನಾಲೆಯ ಕಡೆಗೇ ತಿರುಗಿತ್ತು. ಅಜ್ಜಿ ಎಂಜಿನ್ನಿನ ಸದ್ದು ಬಂದ ಕಡೆಗೆ ಕೈಯೆತ್ತಿ ಬಹಳ ಮರ್ಯಾದೆಯಿಂದ ಕೇಳಿಕೊಂಡಳು:

"ಒಸಿ ಆ ಕಡೀಕೆ ನಿಲ್ಸ್ಕೊಳಿ ಸ್ವಾಮಿ. ನಮ್ ಹುಡ್ಗುನ್ ಕಾರು ಬರೋ ಹೊತ್ತು."

ಅಪ್ಪ ಕಾರನ್ನು ಮೆಲ್ಲಗೆ ಹಿಂದಕ್ಕೆ ತೆಗೆದು, ಬೇಲಿಯ ಪಕ್ಕ ನಿಲ್ಲಿಸಿ, ಸ್ಟೇರಿಂಗ್ ಹಿಡಿದು ಹಾಗೇ ಕೂತ. ಅಜ್ಜಿ ಇರುವ ತನಕ ಜಗಲಿಯ ಮುಂದಿನ ಆ ಜಾಗದಲ್ಲಿ ನಮ್ಮ ಮನೆಯವರು ಯಾರೂ ಒಂದು ಸೈಕಲ್ಲನ್ನು ಕೂಡ ನಿಲ್ಲಿಸಲಿಲ್ಲ.