ಬೋರಲಿಟ್ಟ ಚಹಾ ಗ್ಲಾಸು

ಸ್ಟೆಬಿಲೈಜರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಮಗುವಿನ ಜ್ವರ ನೋಡುವವರ ಹಾಗೆ ಕಣ್ಣುಮುಚ್ಚಿ ನಿಲ್ಲುತ್ತಿದ್ದರು ಕಾಶಿನಾಥ ಕಾಕಾ. "ಮೈ ತಣ್ಣಗದ, ಕಳಸ್ರಿ" ಅಂದರೆ ಮಾಲು ಹೊರಗೆ. "ಇದಕ್ಕ ಜಡ್ಡಾಗ್ಯಾದ" ಅಂದರೆ ಮತ್ತೆ ಬಿಚ್ಚಬೇಕು. ಮೀಟರನ್ನೂ ನೋಡುತ್ತಿದ್ದರು, ಆದರೆ ಆಮೇಲೆ.

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಕರೆಂಟು ಇತ್ತು ಅನ್ನುವುದಕ್ಕಿಂತ ಬಂದು ಹೋಗುತ್ತಿತ್ತು ಅನ್ನಬೇಕು. ಸಂಜೆಯಾದರೆ ಟಿ.ವಿ. ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ ಅಂಗೈಯಷ್ಟಾಗುತ್ತಿತ್ತು. ಆ ಏರಿಳಿತ ತಡೆಯುವ ಪೆಟ್ಟಿಗೆ ತಯಾರಿಸಲು ಕಾಕಾ ಹುಮನಾಬಾದಿನ ಒಂದು ತಗಡಿನ ಶೆಡ್ಡಿನಲ್ಲಿ ಕಾರ್ಖಾನೆ ಹಾಕಿದರು. ತಂತಿ ಸುತ್ತುವವರೆಲ್ಲ ಹೆಣ್ಣುಮಕ್ಕಳು. ಕೊಹಿನೂರು ಹಳ್ಳಿಯಿಂದ ಈ ಊರಿಗೆ ಸೊಸೆಯಾಗಿ ಬಂದ ಮಹಾದೇವಿ ಅವರಿಗೆ ಹಿರಿಯಳು. ಮಾಲನ್ನು ಬಸ್ಸಿಗೆ ಹೇರಿ ಬಸವಕಲ್ಯಾಣದ ಅಂಗಡಿಗಳಿಗೆ ಮುಟ್ಟಿಸುವ ಕೆಲಸ ನನ್ನದು.

ಕಾಕಾ ಹೈದರಾಬಾದಿನ ದೊಡ್ಡ ಕಾರ್ಖಾನೆಯೊಂದರಲ್ಲಿ ದುಡಿದು ಬಂದವರು. ಅಲ್ಲಿ ಸಾಹೇಬರ ಎದುರು ಬಾಯಿ ತೆರೆದವನ ಕೆಲಸ ಹೋಗುತ್ತಿತ್ತಂತೆ. ಅದಕ್ಕೇ ತಮ್ಮಲ್ಲಿ ಒಂದು ರಿವಾಜು ಇಟ್ಟಿದ್ದರು. ಹೊಸ ಕೆಲಸ ಹಿಡಿಯುವ ಮುನ್ನ ಎಲ್ಲರೂ ಚಹಾಕ್ಕೆ ಕೂಡಬೇಕು. ಒಪ್ಪದವರು ಖಾಲಿ ಗ್ಲಾಸನ್ನು ಬೋರಲು ಇಡಬೇಕು. ಒಂದು ಗ್ಲಾಸು ಬೋರಲಿದ್ದರೂ ಮಾತು ಬಗೆಹರಿಯುವ ತನಕ ಕೆಲಸ ಶುರುವಾಗುವ ಹಾಗಿಲ್ಲ. "ಎಲ್ಲಾರೂ ಹೂಂ ಅಂದ್ರ ಮಾಲಕ ಕಿವುಡ ಆಗ್ತಾನ" ಎನ್ನುತ್ತಿದ್ದರು. ಒಮ್ಮೆ ಕಸ ಹೊಡೆಯುವ ಗುಂಡಮ್ಮ ಒಂದು ಗುಟುಕು ಕುಡಿದು, ಉಳಿದದ್ದು ಚೆಲ್ಲಿ ಬೋರಲಿಟ್ಟಳು. ಕಾಕಾಗೆ ಗಾಬರಿ.

"ಏನ್ ತಪ್ಪಾತವ್ವ?"

"ಮಾಲಿಂದೇನ್ ತಪ್ಪಿಲ್ರಿ. ಚಹಾದಾಗ ಸಕ್ರಿ ಇಲ್ಲ."

ಸಕ್ಕರೆ ಬರುವ ತನಕ ಕೆಲಸ ನಿಂತೇ ಇತ್ತು.

ಬರಬರುತ್ತಾ ಪೇಟೆಗೆ ಹೊಸ ನಮೂನೆಯ ಟಿ.ವಿ. ಬಂದವು, ಅವಕ್ಕೆ ನಮ್ಮ ಪೆಟ್ಟಿಗೆ ಬೇಕಿರಲಿಲ್ಲ. ಅಂಗಡಿಯವರು ಮಾಲು ತೆಗೆದುಕೊಳ್ಳುವುದನ್ನು ಬಿಡತೊಡಗಿದರು. ಅಂಥ ಹೊತ್ತಿನಲ್ಲಿ ಹೈದರಾಬಾದಿನ ವ್ಯಾಪಾರಿಯೊಬ್ಬ ಫ್ರಿಜ್ಜಿನ ಸ್ಟೆಬಿಲೈಜರಿಗೆ ದೊಡ್ಡ ಆರ್ಡರ್ ತಂದ. ಷರತ್ತು ಒಂದೇ: ತಾಮ್ರದ ತಂತಿ ಬಿಟ್ಟು ಅಗ್ಗದ ಅಲ್ಯುಮಿನಿಯಂ ಸುತ್ತಬೇಕು, ಪೆಟ್ಟಿಗೆ ಮಾತ್ರ ದೊಡ್ಡದಾಗಬಾರದು. ಅಷ್ಟು ಇಕ್ಕಟ್ಟಿನಲ್ಲಿ ಅದು ಸುಡುವಷ್ಟು ಕಾಯುತ್ತದೆ ಎಂದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತು. ಆರ್ಡರ್ ಬಿಟ್ಟರೆ ಶೆಡ್ಡಿಗೆ ಬೀಗ ಅನ್ನುವುದೂ ಗೊತ್ತು.

ಚಹಾ ಬಂತು. ಮಹಾದೇವಿ ಗ್ಲಾಸು ಬೋರಲಿಟ್ಟಳು.

"ಯಾಕ ತಂಗಿ?"

"ನಿಮಗ ಗೊತ್ತಿಲ್ಲೇನ್ರಿ ಕಾಕಾ?"

"ಗೊತ್ತದ. ನಾಳೆ ನೀವ್ ಇಷ್ಟು ಮಂದಿ ಎಲ್ಲಿಗಿ ಹೋಗ್ತೀರಿ? ನನಗ ಅದರ ಚಿಂತಿ ಹತ್ಯಾದ."

"ಮತ್ತ ಯಾರದರೆ ಮನ್ಯಾಗ ಬೆಂಕಿ ಹತ್ತಿದ್ರ?"

ಕಾಕಾ ಕೈಚಾಚಿ, ಅವಳ ಗ್ಲಾಸನ್ನು ತಾವೇ ನೆಟ್ಟಗೆ ಮಾಡಿ, ಚಹಾ ಸುರಿದರು. ಉಳಿದವರು ತಲೆ ತಗ್ಗಿಸಿ ಕೂತರು. ಮಹಾದೇವಿ ಆ ಚಹಾ ಮುಟ್ಟಲಿಲ್ಲ. ಸೆರಗು ಕೊಡವಿ ಎದ್ದು, "ಶರಣ್ರಿ ಕಾಕಾ" ಎಂದು ಹೊರಟೇಹೋದಳು.

ಅಂದಿನಿಂದ ಯಾರೂ ಗ್ಲಾಸು ಬೋರಲಿಡಲಿಲ್ಲ. ಕಾಕಾ ತಾವಾಗಿ ಕೇಳಿದರೂ "ನೀವ್ ಹೇಳ್ದಂಗ್ರಿ" ಅಷ್ಟೇ. ಬೇಸಿಗೆಗೆ ಪೆಟ್ಟಿಗೆಗಳು ಸುಟ್ಟು ಕರ್ರಗಾಗಿ ಮರಳಿ ಬಂದವು. ಯಾರ ಮನೆಯೂ ಉರಿಯಲಿಲ್ಲ ಅನ್ನುವುದೊಂದೇ ಪುಣ್ಯ. ವ್ಯಾಪಾರಿ ಮತ್ತೆ ಮುಖ ತೋರಿಸಲಿಲ್ಲ. ಶೆಡ್ಡು ಮುಚ್ಚಿತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮಹಾದೇವಿ ಬಸವಕಲ್ಯಾಣದಲ್ಲಿ ಪಂಪಿನ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಹಾಕಿದಳು. ಹಳೆಯ ಹೆಣ್ಣುಮಕ್ಕಳಲ್ಲಿ ಕೆಲವರು ಅವಳ ಜೊತೆಗೆ ಬಂದರು. ಸುದ್ದಿ ಕೇಳಿದ ಕಾಕಾ, "ನನಗ ಕರಕೊಂಡು ನಡಿ ತಮ್ಮಾ, ಆಕಿಗಿ ಒಂದು ಮಾತು ಹೇಳೂದದ" ಎಂದು ಒಗೆದ ಅಂಗಿ ತೊಟ್ಟು ಹೊರಟರು.

ಅಂಗಡಿ ಕಾಣುತ್ತಲೇ ರಸ್ತೆಯ ಈಚೆಗೇ ನಿಂತುಬಿಟ್ಟರು. ಒಳಗೆ ಮಹಾದೇವಿ ರೈತನೊಬ್ಬನಿಗೆ ಜೋರಾಗಿ ಹೇಳುತ್ತಿದ್ದಳು: "ನಾಳಿಗಿ ಆಗಂಗಿಲ್ರಿ ಗೌಡ್ರ. ಸುತ್ತೋ ಹುಡುಗಿ ಆಗಂಗಿಲ್ಲ ಅಂದಾಳ. ಆಕಿ ಅಂದ ಮ್ಯಾಲ ಮುಗೀತು."

ಕಾಕಾ ಆ ಮಾತು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನಡಿ, ಬಸ್ಸು ತಪ್ಪತದ" ಎಂದರು.

"ಮಾತು ಹೇಳೂದಿತ್ತಲ್ರಿ?"

"ಗಿರಾಕಿ ಅದಾರ. ನಡುವ ಯಾಕ ಬಾಯಿ ಹಾಕೂದು?"

ಅದೇ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಣ್ಣು ಮಾಡುವ ದಿನ ಬಂದ ಮಹಾದೇವಿ ನನ್ನನ್ನು ಬದಿಗೆ ಕರೆದಳು.

"ನಮ್ಮ ಅಂಗಡಿ ತನಕಾ ಬಂದಿದ್ರಂತ. ಏನ್ ಹೇಳೂದಿತ್ತಂತ ಅಣ್ಣಾ?"

ನನಗೂ ಅವರು ಹೇಳಿರಲಿಲ್ಲ.